ಮೂರು ಹಾಡಿನ ಚೀಟಿ

ಏಳು ಸಮುದ್ರದ ಆಚೆಯೇನಲ್ಲ, ಇಪ್ಪತ್ತೆರಡು ಮೆಟ್ಟಿಲಿನ ಕೆಳಗೆ ಒಂದು ರಾಜ್ಯವಿತ್ತು. ಅಲ್ಲಿ ಸೂರ್ಯನಿಗೆ ಪ್ರವೇಶವಿರಲಿಲ್ಲ. ನೀಲಿ, ಕೆಂಪು, ನೇರಳೆ ದೀಪಗಳು ಸರದಿಯ ಮೇಲೆ ಹಗಲು ಮಾಡುತ್ತಿದ್ದವು. ಬಾಗಿಲಲ್ಲಿ ಒಬ್ಬ ಕಾವಲುಗಾರ, ಒಳಗೆ ಒಬ್ಬ ರಾಜ, ರಾಜನಿಗೆ ಗೊತ್ತಾಗದ ಹಾಗೆ ರಾಜ್ಯ ಆಳುವ ಒಬ್ಬ ಮಂತ್ರಿ. ಪ್ರಜೆಗಳು ಶನಿವಾರ ಸಂಜೆ ಆರಕ್ಕೆ ಹುಟ್ಟಿ ಎಂಟೂವರೆಗೆಲ್ಲ ಕರಗಿಹೋಗುತ್ತಿದ್ದರು. ಯಾಕೆಂದರೆ ಮೇಲಿನ ಮಹಡಿಯ ಮನೆಯವರು ಒಂಬತ್ತರ ಮೇಲೆ ಡ್ರಮ್ಮಿನ ಸದ್ದು ಕೇಳಿದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಆ ರಾಜ್ಯಕ್ಕೆ ಜನ ಕ್ಲಬ್ಬು ಅನ್ನುತ್ತಿದ್ದರು.

ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಅಜ್ಜಿ. ಅಜ್ಜಿಗೆ ಇಬ್ಬರು ಮೊಮ್ಮಕ್ಕಳು, ದೊಡ್ಡವಳು ಮತ್ತು ಚಿಕ್ಕವಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಬಹುಪಾಲು ರಾತ್ರಿ ಪಾಳಿ. ಹಾಗಾಗಿ ಮಕ್ಕಳು ಅನ್ನದಷ್ಟೇ ಕಥೆಯನ್ನೂ ಉಂಡು ಬೆಳೆದರು. ಅಜ್ಜಿಗೆ ಜ್ವರ ಬಂದರೂ ಕಥೆ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. "ಅರ್ಧಕ್ಕೆ ಬಿಟ್ಟರೆ ರಾಜಕುಮಾರ ಬಾವೀಲೇ ಕೂತಿರ್ತಾನೆ ಕಣೇ, ಪಾಪ, ನೆನೀತಾ," ಅನ್ನುವಳು. ಅಜ್ಜಿಯ ಹತ್ತಿರ ಇದ್ದದ್ದನ್ನು ಮೊಮ್ಮಕ್ಕಳು ಪಾಲು ಮಾಡಿಕೊಂಡರು. ಚಿಕ್ಕವಳಿಗೆ ಕಂಠ ಬಂತು. ದೊಡ್ಡವಳಿಗೆ ಕಣ್ಣು ಬಂತು. ಎದುರಿಗೆ ಏನಿದ್ದರೂ ಅದರ ಸುತ್ತ ಒಂದು ಚೌಕಟ್ಟು ಹಾಕಿಕೊಂಡೇ ನೋಡುವ ಕಣ್ಣು. ಚಿಕ್ಕವಳು ಬ್ಯಾಂಡು ಸೇರಿದಳು. ದೊಡ್ಡವಳು ಪಾಸ್‌ಪೋರ್ಟ್ ಫೋಟೋ ತೆಗೆಯುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತು, ಶನಿವಾರ ಸಂಜೆ ಮಾತ್ರ ತನ್ನ ಸ್ವಂತ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿಯುತ್ತಿದ್ದಳು.

ಆ ರಾಜ್ಯದಲ್ಲಿ ಅಪ್ಪಣೆಯಿಲ್ಲದೆ ಯಾರೂ ಚಿತ್ರ ತೆಗೆಯುವಂತಿಲ್ಲ. ಬಂದವರ ಫೋನುಗಳನ್ನೆಲ್ಲ ಕಾವಲುಗಾರ ಒಂದೊಂದು ಬಟ್ಟೆಚೀಲಕ್ಕೆ ಹಾಕಿ, ಬಾಯಿಗೆ ಬೀಗ ಒತ್ತಿ, ವಾಪಸ್ ಕೈಗೆ ಕೊಡುತ್ತಿದ್ದ. ಕ್ಯಾಮೆರಾದವರಿಗೆ ಕೊರಳಿಗೆ ನೇತುಹಾಕಿಕೊಳ್ಳುವ ಚೀಟಿ. ದೊಡ್ಡವಳ ಚೀಟಿಯಲ್ಲಿ ಪ್ರತಿವಾರವೂ ಒಂದೇ ಬರಹ: ಮೊದಲ ಮೂರು ಹಾಡು ಮಾತ್ರ. ಫ್ಲಾಶ್ ಬೇಡ.

ಇದರಲ್ಲಿ ಅವಳಿಗೆ ವಿಚಿತ್ರವೇನೂ ಕಂಡಿರಲಿಲ್ಲ. ಈ ಕಸುಬಿನಲ್ಲಿ ಅದು ಹಳೆಯ ಪದ್ಧತಿ. ದೊಡ್ಡ ದೊಡ್ಡ ಸಂಗೀತ ಕಛೇರಿಗಳಲ್ಲೂ ಮೂರು ಹಾಡು ಮುಗಿಯುತ್ತಿದ್ದಂತೆ ಫೋಟೋದವರನ್ನು ಹೊರಗೆ ಕಳಿಸುತ್ತಾರೆ. ಹಾಡುವವರ ಮುಖ ಬೆವರಿ ಬಣ್ಣ ಇಳಿಯುವ ಮುಂಚೆ ತೆಗೆದದ್ದೇ ಚಿತ್ರ. ಜೊತೆಗೆ ಅಮ್ಮ ಎಂಟಕ್ಕೆ ಪಾಳಿಗೆ ಹೊರಡುವಳು. ಅಷ್ಟರೊಳಗೆ ದೊಡ್ಡವಳು ಮನೆಯಲ್ಲಿರಬೇಕು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗಿನಿಂದ ಅಜ್ಜಿ ಒಬ್ಬಳೇ ಇರುವ ಹಾಗಿರಲಿಲ್ಲ. ಮೂರು ಮಹಡಿ ಇಳಿಯುವ ಮಾತಂತೂ ಮುಗಿದೇಹೋಗಿತ್ತು. ಚಿಕ್ಕವಳು ಆಗಲೇ ಮನೆ ಬಿಟ್ಟು ಕ್ಲಬ್ಬಿನ ಹತ್ತಿರ ಒಂದು ರೂಮು ಮಾಡಿಕೊಂಡಿದ್ದಳು. "ತಾಲೀಮಿಗೆ ಹತ್ತಿರ," ಅಂದಿದ್ದಳು. ಭಾನುವಾರ ಹತ್ತಕ್ಕೆ ತಪ್ಪದೆ ಅಜ್ಜಿಗೆ ಫೋನ್ ಮಾಡುತ್ತಿದ್ದಳು.

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ ಅಜ್ಜಿ ಟೀವಿಯ ಮುಂದೆ ಕೂತು, ದೊಡ್ಡವಳು ವಿಡಿಯೋ ಮಾಡಿ ತಂದ ಮೂರು ಹಾಡು ನೋಡುವಳು. ಮೂರನೆಯದು ಮುಗಿದು ಪರದೆ ಕಪ್ಪಾಗುತ್ತಿದ್ದಂತೆ ಗೊಣಗಾಟ ಶುರು.

"ಊಟಕ್ಕೆ ಕೂರಿಸಿ ಉಪ್ಪಿನಕಾಯಿ ಬಡಿಸಿ ಎಬ್ಬಿಸ್ತೀಯಲ್ಲೇ. ಆಮೇಲೇನಾಯ್ತು?"

"ಇನ್ನೊಂದು ಎಂಟು ಹಾಡು ಆಯ್ತಜ್ಜಿ."

"ಕೊನೇಗೆ ನನ್ನ ಜರಿಹುಳದ ಹಾಡು ಹಾಡ್ತಾಳಂತೆ. ಅವಳೇ ಹೇಳಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರಂತೆ! ಅದನ್ನ ತೋರಿಸೇ."

ಜರಿಹುಳದ ಹಾಡು ಅಜ್ಜಿ ತಾನೇ ಕಟ್ಟಿದ್ದು. ಊಟ ಬೇಡವೆಂದು ಹಟ ಹಿಡಿಯುತ್ತಿದ್ದ ಚಿಕ್ಕವಳನ್ನು ನಗಿಸಿ, ಬಾಯಿ ತೆರೆದಾಗ ತುತ್ತು ತುರುಕಲು.

*ಜರಿಹುಳಪ್ಪ ಜೋಡು ಕೊಳ್ಳೋಕೆ ಹೋದ,*
*ನಲವತ್ತು ಕಾಲಿಗೆ ಅಳತೆ ಕೊಟ್ಟ.*
*ಕೊನೇ ಕಾಲಿನ ಜೋಡು ಬರೋಷ್ಟರಲ್ಲಿ*
*ಮೊದಲನೇ ಜೋಡು ಸವೆದೇಹೋಯ್ತು!*

ಆಮೇಲೆ ಅವನು ಮತ್ತೆ ಅಂಗಡಿಗೆ ಹೋಗುವನು, ಮತ್ತೆ ಅಳತೆ ಕೊಡುವನು. ಕೊನೆಗೆ ಬೇಸತ್ತು ನಲವತ್ತು ಜೋಡನ್ನೂ ಕೊರಳಿಗೆ ಹಾರ ಮಾಡಿಕೊಂಡು ಬರಿಗಾಲಲ್ಲಿ ಮನೆಗೆ ಬರುವನು. ಹಾಡು ಮುಗಿಯುವಷ್ಟರಲ್ಲಿ ತಟ್ಟೆಯೂ ಖಾಲಿ.

ಬ್ಯಾಂಡು ಮುಂದಿನ ತಿಂಗಳಿಂದ ಆರು ತಿಂಗಳು ಊರೂರು ಸುತ್ತಲು ಹೊರಡುವುದಿತ್ತು. ಇನ್ನು ಉಳಿದದ್ದು ಒಂದೇ ಶನಿವಾರ. "ಈ ಸಲ ಕೊನೇ ಹಾಡು ತಂದೇ ತರ್ತೀನಜ್ಜಿ, ಮೊದಲಿಂದ ಕೊನೇವರೆಗೂ," ಎಂದು ದೊಡ್ಡವಳು ಅಜ್ಜಿಯ ಅಂಗೈ ಮೇಲೆ ಕೈ ಬಡಿದು ಮಾತು ಕೊಟ್ಟಳು. ಅಜ್ಜಿ ಆ ಕೈಯನ್ನು ಹಿಡಿದುಕೊಂಡು, "ಪೂರ್ತಿ?" ಎಂದು ಕೇಳಿದಳು. "ಪೂರ್ತಿ."

ಮಂಗಳವಾರ ಮಧ್ಯಾಹ್ನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ದೊಡ್ಡವಳು ಕ್ಲಬ್ಬಿಗೆ ಹೋದಳು. ಹಗಲಲ್ಲಿ ಆ ರಾಜ್ಯ ಬೇರೆಯೇ ಕಾಣುತ್ತಿತ್ತು. ಕುರ್ಚಿಗಳು ಒಂದರ ಮೇಲೊಂದು ಕಾಲು ಮೇಲೆ ಮಾಡಿ ನಿಂತಿದ್ದವು, ನೆಲದಿಂದ ಫಿನಾಯಿಲ್ ವಾಸನೆ, ವೇದಿಕೆಯ ಮೇಲೆ ಯಾರು ಎಲ್ಲಿ ನಿಲ್ಲಬೇಕೆಂದು ಅಂಟಿಸಿದ ಬಣ್ಣದ ಟೇಪಿನ ತುಂಡುಗಳು. ಬಾಗಿಲ ಕಾವಲುಗಾರನಿಗೆ ಎಲ್ಲರೂ ಇಟ್ಟ ಹೆಸರು ಬಂಡೆ. ಯಾರಿಗೂ ಅಲ್ಲಾಡದ ಆಳು. ಅವನು ಅವಳನ್ನು ಕಂಡದ್ದೇ ತನ್ನ ಸ್ಟೂಲು ಬಿಟ್ಟೆದ್ದು, ಕೂರಲು ಹೇಳಿ, ನೀರು ತಂದುಕೊಟ್ಟ.

"ಮನೇಲಿ ಎಲ್ಲ ಹೇಗಿದೀರಾ ಮೇಡಂ? ಅಜ್ಜಿ ವಿಷಯದಲ್ಲಿ ಧೈರ್ಯ ತಂದ್ಕೋಬೇಕು."

ಸೊಂಟದ ಮೂಳೆಗೆ ಇಷ್ಟು ಮರುಕವೇ ಎಂದು ಅವಳ ಮನಸ್ಸು ತುಂಬಿಬಂತು. "ಹಾಗೇ ನಡೀತಿದೆ," ಅಂದಳು.

ಒಳಗೆ ಕ್ಲಬ್ಬಿನ ಯಜಮಾನರು ಏಣಿಯ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದರು. ಅವರೂ ಕೆಳಗಿಳಿದು ಬಂದು ಎರಡು ಕೈಯನ್ನೂ ಹಿಡಿದುಕೊಂಡರು. "ನಿಮ್ಮನೆ ನೋವು ನಂಗೆ ಗೊತ್ತಮ್ಮ. ನಮ್ಮಜ್ಜಿ ನೆನಪಾಗ್ತಾರೆ, ಪ್ರತಿ ಶನಿವಾರ. ಏನಾಗ್ಬೇಕು ಹೇಳು."

"ಕೊನೇ ಹಾಡು ಚಿತ್ರ ಮಾಡೋಕೆ ಅಪ್ಪಣೆ ಬೇಕಿತ್ತು ಸರ್. ನಿಮ್ಮ ಮೂರು ಹಾಡಿನ ನಿಯಮ ಈ ಒಂದು ವಾರ…"

"ನನ್ನ ನಿಯಮವಾ?" ಯಜಮಾನರು ಹುಬ್ಬೇರಿಸಿದರು. "ನಂಗ್ಯಾಕಮ್ಮ ಅಂಥ ನಿಯಮ? ಪೂರ್ತಿ ತೆಗೆದು ಪ್ರಪಂಚಕ್ಕೆಲ್ಲ ತೋರಿಸಿದ್ರೆ ನನ್ನ ಕ್ಲಬ್ಬಿಗೇ ಒಳ್ಳೇದಲ್ವಾ? ಬ್ಯಾಂಡಿನವರನ್ನ ಕೇಳು."

ಬ್ಯಾಂಡಿನ ಮ್ಯಾನೇಜರು ಎರಡು ಬೀದಿ ಆಚೆ ತಾಲೀಮು ಕೋಣೆಯ ಹೊರಗಿನ ಒಂದು ಮೇಜಿನ ಒಡೆಯ. ಒಂದು ಕಿವಿಗೆ ಒಂದು ಫೋನು, ಇನ್ನೊಂದು ಕಿವಿಗೆ ಇನ್ನೊಂದು. ಎರಡಕ್ಕೂ "ಒಂದ್ನಿಮಿಷ" ಎಂದು ಇವಳ ಕಡೆ ತಿರುಗಿದ.

"ಬ್ಯಾಂಡಿಗೂ ಅಂಥ ನಿಯಮ ಇಲ್ಲವಲ್ಲ! ಕೊನೇ ಹಾಡು ಎಲ್ಲೂ ಹೊರಗೆ ಹಾಕಬಾರದು ಅಂತ ಸಹಿ ತಗೋತೀವಿ, ಅದು ಆಲ್ಬಮ್ಮಿಗೆ ಮೀಸಲು. ಅಷ್ಟೇ. ತೆಗೆಯೋಕೆ ಏನಂತೆ?" ಎನ್ನುತ್ತ ಖಾನೆ ಎಳೆದು ಹಳೆಯ ಚೀಟಿಗಳ ಕಟ್ಟು ಮೇಜಿನ ಮೇಲೆ ಹರಡಿದ. "ನೋಡಿ, ಮದುವೆ ವಿಡಿಯೋದವನು, ಪೂರ್ತಿ. ಕಾಲೇಜು ಹುಡುಗೀರು, ಪೂರ್ತಿ. ಪತ್ರಿಕೆಯವನು, ಪೂರ್ತಿ. ಇದು ನಿಮ್ದು."

ಉಳಿದೆಲ್ಲ ಚೀಟಿಗಳು ಅಚ್ಚಾದವು. ಅವಳದೊಂದೇ ಕೈಬರಹ. ಗುಂಡುಗುಂಡಾದ ಆ ಅಕ್ಷರಗಳನ್ನು ಅವಳು ಎಲ್ಲಿ ಕಂಡರೂ ಗುರುತಿಸಬಲ್ಲಳು. ಚಿಕ್ಕವಳಿಗೆ ಸ್ಲೇಟಿನ ಮೇಲೆ ಕೈ ಹಿಡಿದು ಬರೆಸಿದವಳು ಅವಳೇ. ಬರೆದದ್ದು ತಂಗಿಯಾದರೂ ನಿಯಮ ಕ್ಲಬ್ಬಿನದೆಂದೇ ಇಷ್ಟು ದಿನ ನಂಬಿದ್ದಳು.

"ನಿಮ್ಮ ಚೀಟಿ ಅವರೇ ಬರೆದು ಕೊಡೋದು. ಅಕ್ಕ ತಂಗಿ ಲೆಕ್ಕಾಚಾರ, ನಾನ್ಯಾಕೆ ತಲೆ ಹಾಕ್ಲಿ ಅಂತ ಸುಮ್ನಿದ್ದೆ," ಅಂದ ಮ್ಯಾನೇಜರು, ಮತ್ತೆ ಫೋನುಗಳನ್ನು ಕಿವಿಗೇರಿಸಿಕೊಳ್ಳುತ್ತ.

 ಒಂದು ವರ್ಷ. ಮೂರನೇ ಹಾಡು ಮುಗಿಯುತ್ತಿದ್ದಂತೆ ತಾನಾಗಿಯೇ ಕ್ಯಾಮೆರಾ ಚೀಲಕ್ಕೆ ಹಾಕಿ, ನಿಯಮ ಮೀರಿದವಳಾಗಬಾರದೆಂದು ತಲೆ ತಗ್ಗಿಸಿ, ಮೆಟ್ಟಿಲು ಹತ್ತಿ ಹೋಗಿದ್ದಳು. ವೇದಿಕೆಯ ಮೇಲಿಂದ ಚಿಕ್ಕವಳು ಕೈಬೀಸುವಳು. ಬೀಳ್ಕೊಡುಗೆ ಅಂದುಕೊಂಡಿದ್ದಳು. ಹೋದಳೋ ಇಲ್ಲವೋ ಎಂದು ನೋಡುತ್ತಿದ್ದಳೇನೋ.

ತಾಲೀಮು ಕೋಣೆಯ ಒಳಗೆ ಚಿಕ್ಕವಳು ಬಿಸಿನೀರಿನ ಪಾತ್ರೆಯ ಮೇಲೆ ಬಗ್ಗಿ, ತಲೆಗೆ ಟವೆಲು ಮುಸುಕು ಹಾಕಿ ಹಬೆ ತಗೊಳ್ಳುತ್ತಿದ್ದಳು.

"ಯಾರು?"

"ಮೂರು ಹಾಡಿನವಳು."

 ಟವೆಲಿನೊಳಗಿಂದ ಕೆಂಪಾದ ಮುಖ ಹೊರಬಂತು. "ಅಕ್ಕಾ! ಇಷ್ಟು ಹೊತ್ನಲ್ಲಿ? ಅಂಗಡಿ?"

"ಊರಿಗೆಲ್ಲ ಪೂರ್ತಿ, ನಂಗೊಬ್ಬಳಿಗೆ ಮೂರು. ಏನೇ ಇದು?"

"ನೀನು ಎಂಟಕ್ಕೆ ಮನೇಲಿರ್ಬೇಕಲ್ಲ ಅಕ್ಕ, ಅದಕ್ಕೇ ನಾನು…"

"ನನ್ನ ಗಡಿಯಾರ ನಾನು ನೋಡ್ಕೋತೀನಿ. ಅದನ್ನ ನನ್ನ ಕೊರಳಿಗೆ ಕಟ್ಟು ಅಂತ ನಿಂಗೆ ಯಾರು ಹೇಳಿದ್ರು?"

"ನೀನು ಎದುರಿಗಿದ್ರೆ ನಂಗೆ ಮುಜುಗರ. ಚಿಕ್ಕಂದಿನ ಹಾಡು ಅದು."

"ಮೂಗು ಸೋರಿಸ್ಕೊಂಡು ನೀನು ಕುಣಿದಿದ್ದು ನೋಡಿದೋಳು ನಾನು. ನನ್ನ ಮುಂದೆ ಮುಜುಗರವಂತೆ! ಅಜ್ಜಿ ಕಾಯ್ತಿದ್ದಾಳೆ ಕಣೇ. ಮಾತು ಕೊಟ್ಟು ಬಂದಿದ್ದೀನಿ."

ಅಜ್ಜಿ ಎಂದಾಕ್ಷಣ ಚಿಕ್ಕವಳು ಟವೆಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. "ನಾನೇ ಫೋನಲ್ಲಿ ಹಾಡಿಬಿಡ್ತೀನಿ ಬಿಡು."

"ಹಾಡ್ತೀನಿ ಹಾಡ್ತೀನಿ ಅಂತ ಆರು ತಿಂಗಳಿಂದ ಹೇಳ್ತಾನೇ ಇದೀಯ."

 ಚಿಕ್ಕವಳು ಒಂದು ಹೊಸ ಚೀಟಿ ತಗೊಂಡು ಗುಂಡು ಅಕ್ಷರಗಳಲ್ಲಿ ಬರೆದಳು. "ಹಾಡು ಮಾತ್ರ. ಮುಂಚೆ ಒಂದೆರಡು ಮಾತಾಡ್ತೀನಿ, ಅದು ಬೇಡ. ತುಂಬಾ ತೊದಲ್ತೀನಿ, ಅಜ್ಜಿ ಆಡ್ಕೋತಾಳೆ. ಮೈಕನ್ನ ಸ್ಟ್ಯಾಂಡಿಂದ ಕೈಗೆ ತಗೋತೀನಲ್ಲ, ಆಗ ಶುರು ಮಾಡು. ಒಪ್ಪಿಗೇನಾ?"

"ಒಪ್ಪಿಗೆ."

"ಸಹಿ ಹಾಕು."

ತಂಗಿಯ ಹತ್ತಿರ ಸಹಿ! ದೊಡ್ಡವಳಿಗೆ ನಗು ಬಂತು. ಹಾಕಿದಳು. ಇಷ್ಟೇನಾ, ತೊದಲೋ ನಾಚಿಕೆಗೆ ಇಷ್ಟೆಲ್ಲ ರಾದ್ಧಾಂತವಾ ಎಂದು ಮನಸ್ಸು ಹಗುರಾಗಿ, ತಂಗಿಯ ಒದ್ದೆ ಕೆನ್ನೆ ಹಿಂಡಿ ಬಂದಳು. ಶನಿವಾರದ ಪಾಳಿ ಬದಲಿಸಿಕೊಳ್ಳಲು ಅಮ್ಮನನ್ನು ಒಪ್ಪಿಸಿದಳು.

ಶನಿವಾರ. ಮೂರನೇ ಹಾಡು ಮುಗಿಯಿತು. ದೊಡ್ಡವಳ ಕೈ ಅಭ್ಯಾಸಬಲದಿಂದ ಚೀಲದ ಕಡೆ ಹೋಗಿ, ನೆನಪಾಗಿ ನಿಂತಿತು. ನಾಲ್ಕನೇ ಹಾಡು ಹೇಗಿರುತ್ತದೆಂದು ಮೊದಲ ಸಲ ಕೇಳಿದಳು. ಐದು, ಆರು. ಬೆವರಿದ ತಂಗಿ ಬೆವರದ ತಂಗಿಗಿಂತ ಚೆಲುವೆ ಎಂದು ಕಂಡುಕೊಂಡಳು. ಇಷ್ಟು ದಿನ ಇದನ್ನು ಕಳೆದುಕೊಂಡೆನಲ್ಲ ಎಂದುಕೊಂಡಳು.

ಹತ್ತು ಹಾಡಾದ ಮೇಲೆ ದೀಪಗಳೆಲ್ಲ ಆರಿ ಒಂದೇ ನೀಲಿ ದೀಪ ಉಳಿಯಿತು. ದೊಡ್ಡವಳು ಒಪ್ಪಂದದಂತೆ ಕ್ಯಾಮೆರಾ ಎದೆಗೆ ಒರಗಿಸಿಕೊಂಡು, ಮೈಕಿನ ಮೇಲೆ ಕಣ್ಣಿಟ್ಟು, ಗೋಡೆಬದಿ ನಿಂತಳು. ಚಿಕ್ಕವಳು ಮಾತು ಶುರು ಮಾಡಿದಳು. ಒಂದಕ್ಷರವೂ ತೊದಲಲಿಲ್ಲ.

"ಈ ಹಾಡು ನಮ್ಮಜ್ಜಿದು. ನನ್ನನ್ನ ಸಾಕಿದ್ದು ಅವಳೇ. ಅವಳಿಗೆ ಈ ಲೋಕದಲ್ಲಿ ಇದ್ದಿದ್ದು ನಾನೊಬ್ಬಳೇ. ಹೋದ ವರ್ಷ ಆಸ್ಪತ್ರೇಲಿ ಹನ್ನೊಂದು ರಾತ್ರಿ ಅವಳ ಕೈ ಹಿಡ್ಕೊಂಡು ಕೂತಿದ್ದೆ. ಹನ್ನೊಂದನೇ ರಾತ್ರಿ ಈ ಹಾಡು ಹಾಡೋಕೆ ಶುರು ಮಾಡಿದಳು. ಅರ್ಧದಲ್ಲಿ…" ಅವಳು ನಿಲ್ಲಿಸಿದಳು. ಎಲ್ಲಿ ನಿಲ್ಲಿಸಬೇಕೆಂದು ಅಜ್ಜಿಯಿಂದಲೇ ಕಲಿತದ್ದು. "ಅರ್ಧದಲ್ಲಿ ಅವಳ ಕೈ ತಣ್ಣಗಾಯ್ತು. ಉಳಿದರ್ಧ ನಾನು ಪ್ರತಿ ವಾರ ಇಲ್ಲಿ ಮುಗಿಸ್ತೀನಿ."

ಯಾರೋ ಬಿಕ್ಕಿದರು. ಬಾಗಿಲಲ್ಲಿ ಬಂಡೆ ಅಂಗೈಯಿಂದ ಕಣ್ಣೊರೆಸಿಕೊಂಡ. ಅವನು ಕೊಟ್ಟ ನೀರು, ಯಜಮಾನರ ಎರಡು ಕೈ, "ಧೈರ್ಯ ತಂದ್ಕೋಬೇಕು" ಎಂಬ ಮಾತು, ಎಲ್ಲಕ್ಕೂ ಈಗ ದೊಡ್ಡವಳಿಗೆ ಅರ್ಥ ಸಿಕ್ಕಿತು. ಈ ಇಪ್ಪತ್ತೆರಡು ಮೆಟ್ಟಿಲಿನ ಕೆಳಗೆ ಅಜ್ಜಿ ಪ್ರತಿ ಶನಿವಾರವೂ ಸಾಯುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು, ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

ಹನ್ನೊಂದು ರಾತ್ರಿ. ಲೆಕ್ಕ ಸರಿಯಾಗಿತ್ತು. ಆ ಹನ್ನೊಂದು ರಾತ್ರಿಯೂ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಕೈ ಹಿಡಿದುಕೊಂಡಿದ್ದವಳು ದೊಡ್ಡವಳು. ಚಿಕ್ಕವಳು ಒಂದು ಸಂಜೆ ಹೂ ತಂದು, ಆಸ್ಪತ್ರೆಯ ವಾಸನೆಗೆ ಗಂಟಲು ಕೆಡುತ್ತದೆಂದು ಹತ್ತು ನಿಮಿಷಕ್ಕೇ ಎದ್ದುಹೋಗಿದ್ದಳು.

ಚಿಕ್ಕವಳು ಮೈಕನ್ನು ಸ್ಟ್ಯಾಂಡಿನಿಂದ ಕೈಗೆ ತೆಗೆದುಕೊಂಡಳು. ಗೋಡೆಯ ಕಡೆ ನೋಡಿದಳು. ಅಕ್ಕ ಈಗಲೂ ಹೊರಟುಹೋಗಲಿ ಎಂಬಂತಿತ್ತು ಆ ನೋಟ.

ಹೋಗಬಹುದಿತ್ತು. ಆದರೆ ಅಂಗೈ ಮೇಲೆ ಅಂಗೈ ಬಡಿದ ಸದ್ದು ಕಿವಿಯಲ್ಲಿತ್ತು. ದೊಡ್ಡವಳು ಕ್ಯಾಮೆರಾ ಎತ್ತಿದಳು. ಜರಿಹುಳಪ್ಪ ಜೋಡು ಕೊಳ್ಳಲು ಹೋದ. ಒಂದೊಂದು ಅಕ್ಷರವನ್ನೂ ಎಳೆದೆಳೆದು, ಶೋಕದಲ್ಲಿ ಅದ್ದಿ ಅದ್ದಿ ತೆಗೆದ ಹಾಗೆ ಹಾಡಿದಳು ಚಿಕ್ಕವಳು. ಜನ ಎದ್ದು ನಿಂತರು. ಕೊನೆಯ ಚಪ್ಪಾಳೆಯವರೆಗೂ ದೊಡ್ಡವಳು ಕ್ಯಾಮೆರಾ ಇಳಿಸಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಚಿಕ್ಕವಳು ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಳು.

"ಮಾತು ತೆಗೀಲಿಲ್ಲ ತಾನೇ?" ಇದು ಅವಳ ಮೊದಲ ಪ್ರಶ್ನೆ.

"ಸಹಿ ಹಾಕಿದ್ದೆನಲ್ಲ."

"ಅಕ್ಕ, ಅದು ಒಂದ್ಸಲ ಸುಮ್ನೆ ಬಾಯಿಗೆ ಬಂದುಬಿಡ್ತು. ಆವತ್ತು ಜನ ಹೇಗೆ ಅತ್ತರು ಗೊತ್ತಾ! ಆಮೇಲೆ ವಾಪಸ್ ಬದುಕಿಸೋಕೆ ಆಗ್ಲಿಲ್ಲ. ಹೇಗೆ ಬದುಕಿಸ್ಲಿ ಹೇಳು? ಅಜ್ಜೀನೂ ಕಥೇಲಿ ಎಷ್ಟು ಜನಾನ ಸಾಯಿಸಿಲ್ಲ?"

"ಅಜ್ಜಿ ಸಾಯಿಸಿದ್ದು ರಾಕ್ಷಸರನ್ನ." ದೊಡ್ಡವಳು ಕೊರಳಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟಳು. "ನಾನು? ನನ್ನನ್ನ ಹೇಗೆ ಸಾಯಿಸಿದೆ?"

"ಛೆ, ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ ಅಕ್ಕ, ಆಣೆ. ನೀನು ಕಥೇಲಿ ಇಲ್ಲವೇ ಇಲ್ಲ."

ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು. ದೊಡ್ಡವಳು ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದಳು. ಬಂಡೆ ಬಾಗಿಲು ಹಿಡಿದುಕೊಂಡ. "ಹೋಗ್ಬನ್ನಿ ಮೇಡಂ. ಅಜ್ಜಿ ಆಶೀರ್ವಾದ ಇರುತ್ತೆ." "ಇರುತ್ತೆ, ಮನೇಲೇ ಇದ್ದಾಳೆ," ಅಂದಳು ದೊಡ್ಡವಳು. ಫೋಟೋಗೆ ಹಾರ ಹಾಕಿ ಇಟ್ಟುಕೊಂಡಿದ್ದಾರೆ ಎಂದುಕೊಂಡನೋ ಏನೋ, ಅವನು ಇನ್ನೂ ಬಗ್ಗಿ ತಲೆಯಾಡಿಸಿದ.

ಭಾನುವಾರ ಬೆಳಿಗ್ಗೆ ಅಜ್ಜಿ ಆರಕ್ಕೇ ಎದ್ದು ತಲೆ ಬಾಚಿಸಿಕೊಂಡು, ಕನ್ನಡಕವನ್ನು ಸೆರಗಿನಲ್ಲಿ ಮೂರು ಸಲ ಒರೆಸಿ ಸಿದ್ಧವಾಗಿದ್ದಳು. ಹಾಡು ಕೆಟ್ಟುಹೋಯಿತು, ಕಾರ್ಡು ಸುಟ್ಟುಹೋಯಿತು ಎಂದು ಸುಳ್ಳು ಹೇಳಲು ದೊಡ್ಡವಳು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದಳು. ಆ ಮುಖ ನೋಡಿ ಬಾಯಿ ಬರಲಿಲ್ಲ. ಮಾತಿನ ಭಾಗವಂತೂ ಇಲ್ಲವಲ್ಲ, ಬರೀ ಹಾಡು, ಅಜ್ಜಿಗೆ ಹೇಗೆ ಗೊತ್ತಾದೀತು ಎಂದು ವೈರು ಸಿಕ್ಕಿಸಿದಳು.

ನೀಲಿ ಬೆಳಕು. ಕೈಯಲ್ಲಿ ಮೈಕು ಹಿಡಿದ ಚಿಕ್ಕವಳು. ಅಜ್ಜಿ ಮುಂದಕ್ಕೆ ಬಾಗಿ, ತೊಡೆಯ ಮೇಲೆ ತಾಳ ಹಾಕತೊಡಗಿದಳು. ಹಾಡು ತಾಳಕ್ಕಿಂತ ಎಷ್ಟೋ ನಿಧಾನವಿತ್ತು. ಎರಡು ಸಾಲು ಕಾದು ಬೆರಳುಗಳು ಸುಮ್ಮನಾದವು. ಕ್ಯಾಮೆರಾ ಜನರ ಕಡೆ ಹೊರಳಿತು. ಒಬ್ಬ ಹೆಂಗಸು ಕರವಸ್ತ್ರ ಬಾಯಿಗೊತ್ತಿಕೊಂಡಿದ್ದಳು.

"ನಿಲ್ಲಿಸು," ಅಂದಳು ಅಜ್ಜಿ.

ದೊಡ್ಡವಳು ನಿಲ್ಲಿಸಿದಳು.

"ಜರಿಹುಳದ ಹಾಡಿಗೆ ಯಾಕೇ ಅಳ್ತಿದ್ದಾರೆ?"

"ರಾಗ ಚೆನ್ನಾಗಿದೆ ಅಂತ…"

"ನಲವತ್ತು ಕಾಲಿಗೆ ಜೋಡು ಹೊಲಿಸೋ ಹಾಡಿಗೆ? ಎಪ್ಪತ್ತು ವರ್ಷ ಕಥೆ ಹೇಳಿದೀನಿ ಕಣೇ. ಜನರನ್ನ ನಗಿಸೋದು ಹೇಗೆ, ಅಳಿಸೋದು ಹೇಗೆ ಅಂತ ನಂಗೆ ಹೇಳ್ಕೊಡಬೇಡ. ಮುಂಚೆ ಏನೋ ಹೇಳಿದಾಳೆ." ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು. "ಯಾರನ್ನ ಸಾಯಿಸಿದಾಳೆ?"

ದೊಡ್ಡವಳು ವೈರಿನ ಗಂಟು ಬಿಡಿಸುತ್ತ ಕೂತಳು. ಅದರಲ್ಲಿ ಗಂಟೇ ಇರಲಿಲ್ಲ.

"ನನ್ನನ್ನಾ?"

 ಪಕ್ಕದ ಕೋಣೆಯಲ್ಲಿ ಅಮ್ಮನ ಗೊರಕೆ.

"ಹೇಗೆ ಸತ್ತೆ?"

ಕಥೆ ಕೇಳುವ ದನಿ ಅದು. ಆ ದನಿಗೆ ಸುಳ್ಳು ಹೇಳಿ ದೊಡ್ಡವಳಿಗೆ ಅಭ್ಯಾಸವಿರಲಿಲ್ಲ. "ಆಸ್ಪತ್ರೇಲಿ. ಅವಳ ಕೈ ಹಿಡ್ಕೊಂಡು. ಈ ಹಾಡು ಹಾಡ್ತಾ ಹಾಡ್ತಾ, ಅರ್ಧಕ್ಕೆ."

"ಅರ್ಧಕ್ಕೆ?" ಅಜ್ಜಿಯ ಮುಖ ಕಪ್ಪಿಟ್ಟಿತು. ಸತ್ತೆ ಎಂದಾಗ ಆಗದ್ದು ಈಗ ಆಯಿತು. "ನಾನು ಅರ್ಧಕ್ಕೆ ಬಿಟ್ನಾ? ನಾನು?"

ಹತ್ತು ಗಂಟೆ. ಮೇಜಿನ ಮೇಲೆ ಅಜ್ಜಿಯ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಚಿಕ್ಕವಳ ನಗುಮುಖ. ದೊಡ್ಡವಳು ಕೈ ಚಾಚಿದಳು.

"ಬಿಡು. ಸತ್ತೋರು ಫೋನ್ ಎತ್ತಲ್ಲ."

ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು, ಮತ್ತೆ ಶುರುವಾಯಿತು. ಅಜ್ಜಿ ಅದನ್ನು ಬೋರಲು ಮಾಡಿ ಇಟ್ಟಳು.

"ಮೊದಲಿಂದ ಹಾಕು."

"ಬೇಡಜ್ಜಿ. ಸಾಕು."

"ಪೂರ್ತಿ ಅಂತ ಮಾತು ಕೊಟ್ಟಿದ್ದು ಯಾರು? ಆಸ್ಪತ್ರೇಲಿ ಕೈ ಹಿಡ್ಕೊಂಡಿದ್ದು ಯಾರು ಅಂತ ನಂಗೆ ಗೊತ್ತಿದೆ. ಹಾಕು."

ದೊಡ್ಡವಳು ಹಾಕಿದಳು. ಅಜ್ಜಿ ಈ ಸಲ ತಾಳ ಹಾಕಲಿಲ್ಲ, ತುಟಿ ಆಡಿಸಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟು, ಗುರುತಿಲ್ಲದವರ ಮನೆಯಲ್ಲಿ ಕೂತವಳಂತೆ ನೆಟ್ಟಗೆ ಕೂತು ನೋಡಿದಳು. ಜರಿಹುಳಪ್ಪ ಅಳತೆ ಕೊಟ್ಟ. ಜೋಡು ಸವೆಯಿತು. ಮತ್ತೆ ಅಂಗಡಿಗೆ ಹೋದ. ನಲವತ್ತು ಜೋಡನ್ನೂ ಕೊರಳಿಗೆ ಹಾಕಿಕೊಂಡು, ಅಳುವ ಜನರ ನಡುವೆ, ಬರಿಗಾಲಲ್ಲಿ ಮನೆಗೆ ಬಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪರದೆ ಕಪ್ಪಾಯಿತು.

"ಮುಗೀತಾ?"

"ಮುಗೀತಜ್ಜಿ."